ಏಳನೇ ಗೂಡಿನ ಸಾಮಾನು

ನಮ್ಮ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಕೂಗುವವನು ನಾನು. ಇಪ್ಪತ್ತೆರಡು ವರ್ಷದಿಂದ ಪ್ರತಿಯೊಂದನ್ನೂ ಎರಡೆರಡು ಸಲ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಎರಡು ಸಲ ಕೇಳುವ ಚಾಳಿ ಬಂದುಬಿಟ್ಟಿದೆ. ಎಲ್ಲರೂ ನನ್ನನ್ನು ಮೈಕು ಅಂತಲೇ ಕರೆಯುತ್ತಾರೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಚಿಂತೆ ಗಿಂತೆ ಏನೂ ಇಲ್ಲ. ತಲೆದಿಂಬಿಗೆ ತಲೆ ಕೊಟ್ಟರೆ ಬೆಳಗ್ಗೆಯೇ ಏಳುವ ಪ್ರಾಣಿ ನಾನು. ಮುಂದಿನದನ್ನು ಕೇಳಿ ನೀವು "ಇವನಿಗೇನೋ ತಲೆ ಕೆಟ್ಟಿದೆ" ಅಂದುಕೊಳ್ಳಬಾರದಲ್ಲ, ಅದಕ್ಕೆ ಹೇಳಿದೆ.

ಚಿಂತೆ ಇದ್ದದ್ದು ಪಕ್ಕದ ಕೌಂಟರಿನವರಿಗೆ. ಅದು ಕಳೆದುಹೋದ ಸಾಮಾನಿನ ಕೌಂಟರು. ಜನ ಬಸ್ಸಲ್ಲಿ ಬಿಟ್ಟುಹೋದ ಕೊಡೆ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ ಎಲ್ಲ ಅಲ್ಲಿಗೆ ಬರುತ್ತವೆ. ಅಲ್ಲಿ ಕೂರುವವರಿಗೆ ಇಟ್ಟ ಹೆಸರು ಬೇರೆ, ಬಿದ್ದ ಹೆಸರು ಇನ್ನೊಂದ್ಸಲಪ್ಪ. ನಾನು ಮಾತ್ರ ಅಣ್ಣ ಅನ್ನುತ್ತೇನೆ, ವಯಸ್ಸಿಗೆ ಮರ್ಯಾದೆ ಅಂತ. ನನ್ನ ಮನೆ ಅವರ ಮನೆಗೆ ಎದುರೇ ಇರುವುದರಿಂದ ಆ ಹೆಸರು ಬಿದ್ದ ಕಾರಣವನ್ನು ನಾನು ದಿನಾ ನೋಡುತ್ತಿದ್ದೆ. ಬಾಗಿಲಿಗೆ ಬೀಗ ಹಾಕುವರು. ಮೂರು ಸಲ ಜಗ್ಗುವರು. ಬೀದಿ ತುದಿವರೆಗೆ ಹೋಗುವರು. ಅಲ್ಲಿ ನಿಂತು, "ಇನ್ನೊಂದ್ಸಲ ನೋಡ್ಕೊಂಡ್ ಬಂದ್ಬಿಡ್ತೀನಿ" ಅಂತ ವಾಪಸ್ ಬರುವರು. ಮತ್ತೆ ಮೂರು ಸಲ. ಒಂದು ದಿನ ಎಣಿಸಿದೆ, ಹನ್ನೊಂದು ಸಲ ಬಂದರು. ಹನ್ನೆರಡನೇ ಸಲ ನನ್ನ ಹೆಂಡತಿಯೇ ಕಿಟಕಿಯಿಂದ, "ಹಾಕಿದೀರಾ ಭಾವ, ಹೋಗಿ!" ಅಂತ ಕೂಗಿದಳು.

ಇದರಿಂದ ಒಬ್ಬರ ಜೀವ ನಿಜಕ್ಕೂ ಬೇಯುತ್ತಿತ್ತು. ಅವರು ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಅತ್ತಿಗೆಗೆ ಇರುವವಳು ಒಬ್ಬಳೇ ಅಕ್ಕ, ಬಸ್ಸಲ್ಲಿ ಆರು ಗಂಟೆ ದಾರಿಯ ಊರಲ್ಲಿ. ಆ ಊರಿಗೆ ಗಂಡ ಹೆಂಡತಿ ಮೂರು ಸಲ ಹೊರಟಿದ್ದರು, ಮೂರು ಸಲವೂ ಅರ್ಧ ದಾರಿಯಲ್ಲಿ ಒಂದು ಸೇತುವೆ ದಾಟುತ್ತಿದ್ದಂತೆ ಅಣ್ಣ ಬೆವರಿ, ಎದ್ದು ನಿಂತು, ಬಸ್ಸು ನಿಲ್ಲಿಸಿ, ಅತ್ತಿಗೆಯನ್ನೂ ಇಳಿಸಿಕೊಂಡು ವಾಪಸ್ ಬಂದಿದ್ದರು. ಬೀಗ ಮೂರು ಸಲವೂ ಬಿದ್ದೇ ಇತ್ತು.

ಒಂದು ದಿನ ಅತ್ತಿಗೆ ನನ್ನ ಕಿಟಕಿಗೇ ಬಂದರು. ಕೈಯಲ್ಲಿ ಕಾಗದ.

"ನೋಡಪ್ಪ ಮೈಕು, ಅಕ್ಕನ ಕಣ್ಣು ಹೋಗ್ತಾ ಇದೆಯಂತೆ. ಇನ್ನು ಒಂದೋ ಎರಡೋ ತಿಂಗಳಂತೆ. 'ಕಾಣೋವಾಗ್ಲೇ ನಿನ್ನ ಮುಖ ಒಂದ್ಸಲ ನೋಡ್ಬೇಕು ಕಣೇ' ಅಂತ ಬರೆಸಿದಾಳೆ. ಬರೋ ತಿಂಗಳ ಮೊದಲನೇ ಶನಿವಾರ ಹೋಗ್ತೀನಿ. ನಿಮ್ಮಣ್ಣಂಗೆ ಹೇಳು, ಈ ಸಲ ಆ ಸೇತುವೆ ಹತ್ರ ಅವರು ಇಳಿದ್ರೆ ನಾನು ಇಳಿಯಲ್ಲ. ಹೋದೋಳು ವಾಪಸ್ಸೂ ಬರಲ್ಲ."

ಪಕ್ಕದ ಕೌಂಟರಿನಲ್ಲಿ ಪೆನ್ನು ಕೆಳಗೆ ಬಿದ್ದ ಸದ್ದು ಕೇಳಿಸಿತು.

ಮಾರನೆಯ ದಿನವೇ ಅಣ್ಣ ಡಾಕ್ಟರ ಹತ್ತಿರ ಹೋದರು. ಮನಸ್ಸಿನ ಡಾಕ್ಟರು, ನಮ್ಮ ಸರ್ಕಾರಿ ಆಸ್ಪತ್ರೆಗೆ ವಾರಕ್ಕೊಂದು ದಿನ ಬರುವಾಕೆ. ಹೊರಗೆ ನಲವತ್ತು ಜನ ಕಾಯುತ್ತಿದ್ದುದರಿಂದ ಆಯಮ್ಮ ಒಂದೇ ಉಸಿರಿಗೆ ಹೇಳಿದರಂತೆ: "ಯೋಚನೆ ಬಂದ್ರೆ ಅದರ ಜೊತೆ ಜಗಳ ಆಡ್ಬೇಡಿ. ಅದರ ಹಿಂದೆ ಓಡ್ಬೇಡಿ. ಇಂಥದ್ದು ಬಂತು ಅಂತ ಬರ್ಕೊಂಡು ಪಕ್ಕಕ್ಕಿಡಿ. ದಿನಾ ಸಂಜೆ ಐದಕ್ಕೆ ಹತ್ತು ನಿಮಿಷ ಕೂತು ಎಲ್ಲಾನೂ ನೋಡಿ, ವಾಪಸ್ ಇಟ್ಟು ಎದ್ದು ಬನ್ನಿ. ಮುಂದಿನೋರು ಬನ್ನಿ!"

ಬೇರೆ ಯಾರಾದರೂ ಆಗಿದ್ದರೆ ಒಂದು ನೋಟ್‌ಬುಕ್ ಕೊಳ್ಳುತ್ತಿದ್ದರು. ಆದರೆ ಇಪ್ಪತ್ತೆಂಟು ವರ್ಷ ಕಳೆದುಹೋದ ಸಾಮಾನು ನೋಡಿಕೊಂಡ ಮನುಷ್ಯನಿಗೆ "ಬರ್ಕೊಂಡು ಪಕ್ಕಕ್ಕಿಡಿ" ಅಂದರೆ ಏನರ್ಥ? ಒಂದೇ ಅರ್ಥ. ಅಣ್ಣ ಕೌಂಟರಿಗೆ ಬಂದವರೇ ದಪ್ಪ ರಿಜಿಸ್ಟರು ತೆರೆದು, ಗೆರೆ ಎಳೆದು, ಶುದ್ಧ ಅಕ್ಷರದಲ್ಲಿ ಬರೆದರು.

"ಕ್ರಮ ಸಂಖ್ಯೆ 212. ವಸ್ತು: ಮನೆ ಬಾಗಿಲಿಗೆ ಬೀಗ ಹಾಕಿಲ್ಲವೇನೋ ಎಂಬ ಅನುಮಾನ, ಒಂದು. ಬಣ್ಣ: ಇಲ್ಲ. ಸ್ಥಿತಿ: ಬಹಳ ಬಳಸಿದ್ದು, ಗಟ್ಟಿಮುಟ್ಟು. ಸಿಕ್ಕ ಜಾಗ: ಬೀದಿಯ ತುದಿ. ಇಟ್ಟ ಜಾಗ: ಏಳನೇ ಗೂಡು."

211 ಯಾರದೋ ಊರುಗೋಲು. 213 "ಒಲೆ ಆರಿಸಿಲ್ಲವೇನೋ ಎಂಬುದು". 214 "ಸಾಹೇಬರು ನನ್ನ ನೋಡಿ ನಗಲಿಲ್ಲ ಎಂಬುದು". ಒಂದೊಂದಕ್ಕೂ ನಿಯಮದ ಪ್ರಕಾರ ನಂಬರ್ ಚೀಟಿ ಬರೆದು, ದಾರ ಪೋಣಿಸಿ, ಗೋಡೆ ಕಪಾಟಿನ ಏಳನೇ ಗೂಡಿಗೆ ಒಯ್ದು, ಏನನ್ನೋ ಇಟ್ಟವರ ಹಾಗೆ ಎರಡೂ ಕೈಯಿಂದ ಇಟ್ಟು ಬರುತ್ತಿದ್ದರು. ನಾನು ನಮ್ಮಿಬ್ಬರ ಕೌಂಟರಿನ ನಡುವಿನ ಮರದ ತಡಿಕೆಯ ಸಂದಿಯಿಂದ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನಕ್ಕಿದ್ದು ಮೂರು ದಿನ. ನಾಲ್ಕನೇ ದಿನ ಆ ಗೂಡಿನಲ್ಲಿ ಮಲಗುತ್ತಿದ್ದ ನಿಲ್ದಾಣದ ಬೆಕ್ಕು ಕೌಂಟರಿಗೇ ಬರುವುದನ್ನು ಬಿಟ್ಟಿತು. ಐದನೇ ದಿನ ಬೆಳಗ್ಗೆ ಬಾಗಿಲು ತೆಗೆದಾಗ ಏಳನೇ ಗೂಡಿನಲ್ಲಿದ್ದ ಕೊಡೆಗಳೆಲ್ಲ ಒಂದು ಮೂಲೆಗೆ ಒತ್ತರಿಸಿಕೊಂಡಿದ್ದವು, ಬಸ್ಸಿನ ಸೀಟಲ್ಲಿ ದಪ್ಪಗಿನವರು ಬಂದು ಕೂತಾಗ ನಾವು ಸರಿಯುತ್ತೇವಲ್ಲ, ಹಾಗೆ. "ಯಾರು ಸರಿಸಿದ್ರು ಅಣ್ಣಾ?" ಅಂದೆ. "ಜಾಗ ಸಾಲ್ತಿಲ್ಲ ಕಣೋ" ಅಂತ ಅಣ್ಣ ನಿರಾಳವಾಗಿ ಕೊಡೆಗಳನ್ನು ಎಂಟನೇ ಗೂಡಿಗೆ ಹಾಕಿದರು.

ನಿರಾಳ ಅಂದೆನಲ್ಲ, ಅದೇ ಆಶ್ಚರ್ಯ. ಬೀಗಕ್ಕೆ ಹನ್ನೊಂದು ಸಲ ಬರುತ್ತಿದ್ದವರು ಆರಕ್ಕಿಳಿದರು, ಮೂರಕ್ಕಿಳಿದರು. ಸಂಜೆ ಐದಕ್ಕೆ ಗೂಡಿನ ಮುಂದೆ ಸ್ಟೂಲ್ ಹಾಕಿಕೊಂಡು ಹತ್ತು ನಿಮಿಷ ಕೂರುವರು. ಒಂದೊಂದನ್ನೇ ತೆಗೆದು ತೊಡೆ ಮೇಲಿಟ್ಟು ನೋಡುವರು. "ಹೂಂ, ಗೊತ್ತಾಯ್ತು" ಅನ್ನುವರು. ವಾಪಸ್ ಇಡುವರು. ನನಗೆ ಕಾಣುತ್ತಿದ್ದದ್ದು ಬರೀ ಚೀಟಿ. ಆದರೆ ಎತ್ತುವಾಗ ಅವರ ತೋಳಿನ ನರ ಉಬ್ಬುತ್ತಿದ್ದುದನ್ನೂ ನೋಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಎರಡನೇ ವಾರ ಇಲಾಖೆಯಿಂದ ತಪಾಸಣೆ ಸಾಹೇಬರು ಬಂದರು. ರಿಜಿಸ್ಟರಿಗೂ ಗೂಡಿಗೂ ತಾಳೆ ನೋಡುವುದು ಅವರ ಕೆಲಸ. ಇಂಥ ಗಳಿಗೆಗೆ ಎಲ್ಲರೂ ಕಾಯುತ್ತಿದ್ದೆವು. ಟಿಕೆಟ್ ಕೌಂಟರಿನವರು ಗಿರಾಕಿಗಳನ್ನು ಬಿಟ್ಟು ಬಂದು ನಿಂತರು.

"ಏನ್ರೀ ಇದು 212? ಅನುಮಾನ, ಒಂದು? ತಮಾಷೆನಾ? ಸರ್ಕಾರಿ ರಿಜಿಸ್ಟರಲ್ಲಿ ತಮಾಷೆ ಮಾಡ್ತೀರಾ?"

"ಇಲ್ಲ ಸಾರ್. ಸಿಕ್ಕಿದ್ದನ್ನ ಬರೆದಿದೀನಿ."

"ಬರೆದಿದೀರಲ್ಲ, ತೋರ್ಸಿ ಮತ್ತೆ! ಇಲ್ದೇ ಹೋದ್ರೆ ಇವತ್ತೇ ನಿಮ್ಮ ಮೇಲೆ ವರದಿ ಬರೀತೀನಿ!"

ಅಂದವರೇ ತಾವೇ ಏಳನೇ ಗೂಡಿಗೆ ಮೊಣಕೈವರೆಗೆ ಕೈ ಹಾಕಿ ತಡಕಿದರು. ಮುಷ್ಟಿ ಹಿಡಿದು ಈಚೆಗೆ ಎಳೆದರು. ಬಯ್ಯಲು ಬಾಯಿ ತೆರೆದರು. ಬಾಯಿ ಹಾಗೇ ನಿಂತಿತು.

"ರೀ," ಅಂದರು ಸಣ್ಣ ದನಿಯಲ್ಲಿ, "ನಾನು ಮನೆ ಬೀಗ ಹಾಕಿದೀನಾ?"

ಅಣ್ಣ ವಿನಯದಿಂದ, "ಮನೇಲಿ ಯಾರೂ ಇಲ್ವಾ ಸಾರ್?" ಅಂದರು.

"ಹೆಂಡತಿ ಇದಾಳೆ, ಅಮ್ಮ ಇದಾರೆ, ಇಬ್ರು ಮಕ್ಕಳಿದಾರೆ. ಆದ್ರೂ, ಹಾಕಿದೀನಾ? ಮೂರು ಸಲ ಜಗ್ಗಿದ್ನಾ?" ಹಣೆಯಲ್ಲಿ ಬೆವರು. "ಹಸಿರು ಬಾಗಿಲು. ನಮ್ಮನೇದು ಹಸಿರು ಬಾಗಿಲೇ ಅಲ್ಲ ಕಣ್ರೀ! ಯಾಕೆ ನನಗೆ ಹಸಿರು ಬಾಗಿಲು ಕಾಣ್ತಾ ಇದೆ?"

ಹಸಿರು ಬಾಗಿಲು ಅಣ್ಣನ ಮನೆಯದು. ನಾನು ತಡಿಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಸಾರ್, ಗಾಬರಿ ಆಗ್ಬೇಡಿ," ಅಂದರು ಅಣ್ಣ, ಎಳೆಗೂಸಿನ ಕೈಯಿಂದ ಗಾಜು ಬಿಡಿಸುವವರ ಹಾಗೆ. "ಅದನ್ನ ಎಲ್ಲಿಂದ ತೆಗೆದ್ರೋ ಅಲ್ಲೇ ಇಡಿ. ಮುಷ್ಟಿ ಬಿಡಿ. ನಿಧಾನ. ಹಾಂ."

ಸಾಹೇಬರು ಮುಷ್ಟಿ ಬಿಟ್ಟರು. ಅಂಗೈಯನ್ನು ಕರವಸ್ತ್ರದಲ್ಲಿ ಒರೆಸಿ ಒರೆಸಿ, ರಿಜಿಸ್ಟರಿನ ಕೆಳಗೆ "ಎಲ್ಲವೂ ದಾಖಲೆಯಂತೆ ಇದೆ" ಅಂತ ಬರೆದು, ಸಹಿ ಮಾಡಿ, ಟೀಯನ್ನೂ ಕುಡಿಯದೆ ಹೋದರು. ಅಲ್ಲಿಗೆ ಅಣ್ಣನ ಚಿಂತೆಗಳು ಸರ್ಕಾರದ ಮೊಹರು ಬಿದ್ದ ಚಿಂತೆಗಳಾದವು.

ಇನ್ನು ನಾನು ಮಾಡಿದ ತಪ್ಪು. ಸಾಹೇಬರು ಹೋದ ಮೇಲೆ, ಹೆದರಿಕೆ ಹೋಗಲಿ ಅಂತ ನಾನು ಆ ರಿಜಿಸ್ಟರನ್ನು ನನ್ನ ಕೋಣೆಗೆ ತಂದುಕೊಂಡು, ನನ್ನ ಕೂಗುವ ದನಿಯಲ್ಲೇ ತಮಾಷೆಗೆ ಓದಿದೆ. "ಪ್ರಯಾಣಿಕರ ಗಮನಕ್ಕೆ! ಕ್ರಮ ಸಂಖ್ಯೆ 219. ಮಗ ದೂರದಲ್ಲಿದ್ದಾನೆ, ಊಟ ಮಾಡಿದನೋ ಇಲ್ಲವೋ ಎಂಬ ಸಂಕಟ, ಒಂದು. ಬೆಂಚಿನ ಮೇಲೆ ಸಿಕ್ಕಿದೆ. ಕಳೆದುಕೊಂಡವರು ಗುರುತು ಹೇಳಿ ಪಡೆಯತಕ್ಕದ್ದು!" ರೂಢಿಯಂತೆ ಎರಡು ಸಲ ಓದಿ, ತಲೆ ಎತ್ತಿದರೆ ಇಡೀ ನಿಲ್ದಾಣ ನನ್ನ ಕಿಟಕಿಯನ್ನೇ ನೋಡುತ್ತಿತ್ತು. ಮೈಕ್ ಆಫ್ ಮಾಡಿರಲಿಲ್ಲ.

ನಾಲಿಗೆ ಕಚ್ಚಿಕೊಂಡೆ. ಆಮೇಲೆ ಹೊಳೆಯಿತು. ಅಣ್ಣನಿಗೆ ಮಕ್ಕಳೇ ಇಲ್ಲ!

"ಅಣ್ಣಾ, 219 ಯಾರದ್ದು?"

"ಗೊತ್ತಿಲ್ಲ ಕಣೋ. ಬೆಂಚ್ ಮೇಲೆ ಕೂತೆ, ಬಂತು. ನಂದಲ್ಲ ಅಂತ ಗೊತ್ತಾಯ್ತು, ಆದ್ರೂ ಸಿಕ್ಕಿದ್ದು ಸಿಕ್ಕಿದ್ದೇ. ಬರೆದಿಟ್ಟೆ."

ಅಷ್ಟರಲ್ಲಿ ಕೌಂಟರಿನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಆಸುಪಾಸು, ಕೈಯಲ್ಲಿ ಬಟ್ಟೆ ಚೀಲ.

"ಈಗ ಕೂಗಿದ್ರಲ್ಲ, ಅದು ನಂದು," ಅಂದರು. "ಹೋದ ವಾರ ಈ ಬೆಂಚಲ್ಲೇ ಬಿಟ್ಟೋದೆ ಅನ್ಸತ್ತೆ. ಆವತ್ತಿಂದ ಒಳ್ಳೇ ನಿದ್ದೆ, ಒಳ್ಳೇ ಊಟ. ಹಾಯಾಗಿದೀನಿ."

"ಮತ್ತೆ ಬಿಟ್ಬಿಡಿ ಅಕ್ಕಾ, ವಾಪಸ್ ಯಾಕೆ?" ಅಂದೆ ನಾನು ತಡಿಕೆಯಿಂದ.

"ಒಂಬತ್ತು ದಿನ ಆಯ್ತು, ಅವನಿಗೆ ಒಂದು ಫೋನ್ ಮಾಡಿಲ್ಲ ನಾನು. ನೆನಪೇ ಆಗ್ಲಿಲ್ಲ. ನಿನ್ನೆ ಅವನೇ ಮಾಡಿದ್ದ. 'ಅಮ್ಮಾ, ನನ್ನ ಮೇಲೆ ಕೋಪನಾ?' ಅಂದ." ಚೀಲದ ಬಾಯಿ ಬಿಡಿಸಿದರು. "ಪೂರ್ತಿ ಬೇಡಪ್ಪ, ನಿದ್ದೆ ಕೆಡಿಸೋಷ್ಟು ಬೇಡ. ಆದ್ರೆ ನಂದು ನಂಗೆ ಕೊಡಿ."

ಅಣ್ಣ ನಿಯಮದಂತೆ ಗುರುತು ಕೇಳಿದರು. ಮಧ್ಯಾಹ್ನ ಒಂದೂವರೆಗೆ ಜೋರಾಗುತ್ತೆ, ಎಡಗಡೆ ಪಕ್ಕೆಲುಬಿನ ಕೆಳಗೆ ಹಿಡಿಯುತ್ತೆ ಅಂದರು ಆಕೆ. ಅಣ್ಣ ತಾಳೆ ನೋಡಿ, ಗೂಡಿನಿಂದ ಎತ್ತಿ ತಂದು ಕೌಂಟರಿನ ಮೇಲಿಟ್ಟರು. ಆಕೆ ಅದನ್ನು ಬಟ್ಟೆ ಚೀಲಕ್ಕೆ ಸರಿಸಿಕೊಂಡರು. ಖಾಲಿ ಚೀಲ ಜೋತು ಬಿತ್ತು. ನಾನು ನನ್ನ ಎರಡು ಕಣ್ಣಿಂದ ನೋಡಿದೆ, ಚೀಲದ ಹಿಡಿ ಆಕೆಯ ಬೆರಳನ್ನು ಕಚ್ಚಿತ್ತು. "ಹಾಂ, ಈಗ ಸರಿ" ಅಂತ ಆಕೆ ಒಂದು ಕಡೆಗೆ ವಾಲಿಕೊಂಡು ಹೋದರು.

ಆಮೇಲೆ ಕೇಳಬೇಕೇ! ಸುದ್ದಿ ಹಬ್ಬಿ, ಪಡೆಯುವವರಿಗಿಂತ ಬಿಡುವವರೇ ಹೆಚ್ಚಾದರು. ಒಬ್ಬ ಡ್ರೈವರು ಬಂದು, "ಅಣ್ಣಾ, ಬ್ರೇಕ್ ಫೇಲ್ ಆಗೋ ಕನಸು ಒಂದಿದೆ, ಇಟ್ಕೊಳ್ಳಿ" ಅಂದ. ಅಣ್ಣ ಖಡಾಖಂಡಿತವಾಗಿ, "ಕೊಟ್ಟಿದ್ದನ್ನ ತಗೊಳ್ಳೋ ಹಾಗಿಲ್ಲಪ್ಪ. ಕಳೆದುಹೋಗಿದ್ದಾದ್ರೆ ಮಾತ್ರ" ಅಂದರು. ಅವನು ಹತ್ತು ನಿಮಿಷ ಬೆಂಚಿನ ಮೇಲೆ ಕೂತು, ಆಕಾಶ ನೋಡುತ್ತಾ, ಏನೂ ಗೊತ್ತಿಲ್ಲದವನ ಹಾಗೆ ಎದ್ದು ಹೋದ. ಅಣ್ಣ ನಿಟ್ಟುಸಿರು ಬಿಟ್ಟು, 231 ಅಂತ ಬರೆದರು.

ಶನಿವಾರ ಹತ್ತಿರ ಬಂತು. ಅತ್ತಿಗೆ ಚೀಲ ಕಟ್ಟಿದರು. ಬೀಗಕ್ಕೆ ಅಣ್ಣ ಈಗ ಒಂದೇ ಸಲ ವಾಪಸ್ ಬರುತ್ತಿದ್ದರು. ಆದರೆ ಆ ಒಂದು ಸಲ ಮಾತ್ರ ಹೋಗಲೊಲ್ಲದು. "ಸೇತುವೆ ಹತ್ರ ಏನಾಗತ್ತೋ ಮೈಕೂ," ಅಂತ ನನ್ನೆದುರು ಅತ್ತೇಬಿಟ್ಟರು. "ಅವಳಿಲ್ದೇ ಆ ಮನೆಗೆ ಬೀಗ ಹಾಕಿದ್ರೇನು, ಬಿಟ್ರೇನು."

ಶುಕ್ರವಾರ ಸಂಜೆ ಐದು ಗಂಟೆಗೆ ಕೌಂಟರಿನ ಮುಂದೆ ಒಬ್ಬರು ಬಂದು ನಿಂತರು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಚೌಕಳಿ ಅಂಗಿ, ಬಲ ಮೊಣಕೈ ಹತ್ತಿರ ತೇಪೆ. ಅಂಥದೇ ಅಂಗಿ, ಅಂಥದೇ ತೇಪೆ, ಕೌಂಟರಿನ ಒಳಗೆ ಕೂತ ಅಣ್ಣನ ಮೈಮೇಲೂ ಇತ್ತು. ಒಂದೇ ಅಂಗಡಿಯದಿರಬೇಕು ಅಂದುಕೊಂಡೆ. ಎರಡು ಸಲ ಅಂದುಕೊಂಡೆ.

"212 ನಂದು," ಅಂದರು ಬಂದವರು.

ಅಣ್ಣ ರಸೀದಿ ಪುಸ್ತಕ ಬಿಡಿಸುತ್ತಾ, ತಲೆ ಎತ್ತದೆ, "ಗುರುತು?" ಅಂದರು.

"ಹಸಿರು ಬಾಗಿಲು. ಹಿತ್ತಾಳೆ ಬೀಗ. ಕೀಲಿಕೈ ತೂತಿನ ಹತ್ರ ಗೀರು. ಮೂರು ಸಲ ಜಗ್ಗಿದ್ರೆ ಮೂರನೇ ಸಲ ಟಕ್ ಅನ್ನತ್ತೆ."

"ಸರಿಯಾಗಿದೆ. ತಗೊಂಡು ಏನು ಮಾಡ್ತೀರಾ?" ಇದು ನಿಯಮದಲ್ಲಿಲ್ಲದ ಪ್ರಶ್ನೆ.

"ನೋಡ್ಕೋತೀನಿ," ಅಂದರು. "ನೀವು ಹೋಗಿ ಬನ್ನಿ."

ಅವರು ಸಹಿ ಹಾಕಿ ಹೋದ ಮೇಲೆ ನಾನು ತಡಿಕೆ ದಾಟಿ ಓಡಿದೆ. ರಿಜಿಸ್ಟರಿನಲ್ಲಿ ಸಹಿ ಇನ್ನೂ ಒದ್ದೆಯಿತ್ತು. ಅದು ಅಣ್ಣನದೇ ಸಹಿ, ಕೊನೆಯ ಸುತ್ತಿನವರೆಗೂ.

"ಮುಖ ನೋಡಿದ್ರಾ ಅಣ್ಣಾ?"

"ರಸೀದಿ ಬರೀತಿದ್ನಲ್ಲೋ. ತಲೆ ಎತ್ತಲಿಲ್ಲ," ಅಂದರು. ಪೆನ್ನಿನ ಮುಚ್ಚಳ ಹಾಕುತ್ತಾ, "ಎತ್ತಬೇಕು ಅನ್ನಿಸ್ಲಿಲ್ಲ" ಅಂದರು.

ಶನಿವಾರ ಬೆಳಗ್ಗೆ ಏಳರ ಬಸ್ಸಿಗೆ ಗಂಡ ಹೆಂಡತಿ ಹೊರಟರು. ಬೀಗ ಹಾಕಿದರು, ಬೀದಿ ತುದಿಗೆ ಹೋದರು, ತಿರುಗಲೇ ಇಲ್ಲ. ನನಗೆ ಅಂದು ರಜೆ. ಮನೆ ಕಡೆ ಒಂದು ಕಣ್ಣಿಡು ಅಂತ ಅತ್ತಿಗೆ ಹೇಳಿದ್ದರಿಂದ ಕಿಟಕಿಯ ಹತ್ತಿರವೇ ಟೀ ಲೋಟ ಹಿಡಿದು ಕೂತಿದ್ದೆ.

ಎಂಟು ಗಂಟೆಗೆ ಚೌಕಳಿ ಅಂಗಿ ಬಂತು. ಬೀಗ ಹಿಡಿದು ಮೂರು ಸಲ ಜಗ್ಗಿತು. ಟಕ್. ಬೀದಿ ತುದಿಗೆ ಹೋಗಿ ನಿಂತಿತು. ವಾಪಸ್ ಬಂತು. ಟಕ್. ನನ್ನ ಹೆಂಡತಿ ಒಳಗಿಂದಲೇ, "ಅಯ್ಯೋ, ಭಾವ ಮತ್ತೆ ಇಳಿದು ಬಂದ್ಬಿಟ್ರಾ! ಪಾಪ ಎದುರುಮನೆ ಅಕ್ಕ!" ಅಂತ ಹಣೆ ಚಚ್ಚಿಕೊಂಡಳು. ಹತ್ತಾಯಿತು, ಹನ್ನೆರಡಾಯಿತು. ಸುಡು ಬಿಸಿಲಲ್ಲೂ ಹೋಗಿ ಬಂದು, ಹೋಗಿ ಬಂದು. ನಲವತ್ತರ ಮೇಲೆ ಎಣಿಸುವುದು ಬಿಟ್ಟೆ. ಕೊನೆಗೆ ತಡೆಯಲಾರದೆ ಇಳಿದು ಹೋದೆ.

"ಅಣ್ಣಾ, ನೀವು ಬಸ್ಸಲ್ಲಿ ಹೋಗ್ಲಿಲ್ವಾ?"

"ಅವರು ಹೋದ್ರು," ಅಂದರು. "ನಾನು ಬೀಗಕ್ಕೆ."

ಇಪ್ಪತ್ತು ವರ್ಷ ನೋಡಿದ ಮುಖ ಅದು. ಆದರೂ ಈಗ ನೀವು ಮೀಸೆ ಇತ್ತೋ ಇಲ್ಲವೋ ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

"ಒಂದು ಲೋಟ ಟೀ ಕುಡೀತೀರಾ?" ಅಂದೆ.

"ಮನೆಯವರು ಬರ್ಲಿ" ಅಂತ ಮತ್ತೆ ಬೀದಿ ತುದಿಗೆ ಹೊರಟರು. ನಾನು ಮನೆಗೆ ಬಂದು ಕಿಟಕಿ ಹಾಕಿದೆ. ಟಕ್ ಅನ್ನುವುದು ಆಮೇಲೂ ಕೇಳಿಸುತ್ತಲೇ ಇತ್ತು.

ಭಾನುವಾರ ಸಂಜೆ ಐದಕ್ಕೆ ಸ್ವಲ್ಪ ಮುಂಚೆ ಗಂಡ ಹೆಂಡತಿ ಬಂದಿಳಿದರು. ಅತ್ತಿಗೆಯ ಕಣ್ಣು ಊದಿತ್ತು, ಮುಖ ಮಾತ್ರ ಅರಳಿತ್ತು. "ಅಕ್ಕ ಕಿಟಕಿ ಹತ್ರ ಕೂರಿಸ್ಕೊಂಡು ಒಂದು ಗಂಟೆ ನನ್ನ ಮುಖಾನೇ ನೋಡಿದ್ಲು ಮೈಕೂ. 'ನಮ್ಮಮ್ಮನ ಮೂಗು ಕಣೇ ನಿಂದು, ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ' ಅಂದ್ಲು. ಸಾಕು ನಂಗೆ. ಇನ್ನು ಏನಾದ್ರೂ ಆಗ್ಲಿ."

ಅಣ್ಣ ಮೆಲ್ಲಗೆ ಹೇಳಿದರು: "ಸೇತುವೆ ಬಂತು. ಆ ಅನುಮಾನ ಬರತ್ತೆ ಅಂತ ಸೀಟ್ ಹಿಡ್ಕೊಂಡು ಕೂತೆ. ಬರ್ಲೇ ಇಲ್ಲ. ಏನೋ ಪಕ್ಕದಲ್ಲಿ ಖಾಲಿ ಖಾಲಿ ಅನ್ನಿಸ್ತು."

ಆಗ ನಾನು ನಡೆದದ್ದನ್ನೆಲ್ಲ ಹೇಳಿದೆ. ಅಣ್ಣ ಬಾಗಿಲ ಹತ್ತಿರ ಹೋಗಿ ಬೀಗ ನೋಡಿ ಬಿಳುಚಿಕೊಂಡರು. ಹಳೆಯ ಮಂಕು ಹಿತ್ತಾಳೆ ಈಗ ಥಳಥಳ ಹೊಳೆಯುತ್ತಿತ್ತು. ಗೀರು ಇತ್ತಲ್ಲ, ಅದು ಸವೆದು ಹೋಗಿತ್ತು. ಬೆರಳು ಕೂರುವ ಕಡೆ ಸಣ್ಣ ಗುಳಿ ಬಿದ್ದಿತ್ತು.

ಬೀದಿ ತುದಿಯಲ್ಲಿ ಆ ಚೌಕಳಿ ಅಂಗಿಯವರು ನಿಂತಿದ್ದರು. ಬರಲೋ ಬೇಡವೋ ಅನ್ನುವ ಹಾಗೆ ಒಂದು ಕಾಲು ಮುಂದೆ.

ನನಗೆ ಓಡಿಹೋಗಬೇಕು ಅನ್ನಿಸಿತು. ಅಣ್ಣನಿಗೂ ಅನ್ನಿಸಿರಬೇಕು, ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆದರೆ ಅತ್ತಿಗೆ ಸುಮ್ಮನೆ ಬಾಗಿಲು ತೆಗೆದು, ಒಳಗಿನಿಂದ ಒಂದು ಕುರ್ಚಿ ತಂದು ಜಗುಲಿಯ ಮೇಲೆ ಹಾಕಿ, ಆ ಕಡೆ ಕೂಗಿ ಹೇಳಿದರು.

"ನಾವು ಬಂದಿದೀವಿ! ಎರಡು ದಿನದಿಂದ ನಿಂತೇ ಇದೀರಂತೆ. ಬನ್ನಿ, ಹತ್ತು ನಿಮಿಷ ಕೂತ್ಕೊಳ್ಳಿ."

ಬಂದರು. ಕೂತರು. ಅಣ್ಣ ಎದುರಿನ ಮೆಟ್ಟಿಲ ಮೇಲೆ ಕೂತು, ಮೊದಲ ಸಲ ತಲೆ ಎತ್ತಿ ಆ ಮುಖ ನೋಡಿದರು. ಏನು ಕಂಡರೋ ಕೇಳಿಲ್ಲ. "ಹೂಂ, ಗೊತ್ತಾಯ್ತು" ಅಂದದ್ದು ಮಾತ್ರ ಕೇಳಿಸಿತು. ಐದೂ ಹತ್ತಕ್ಕೆ ಬಂದವರು ಎದ್ದು ಹೋದರು. ಈಗ ದಿನಾ ಐದಕ್ಕೆ ಆ ಮನೆಯಲ್ಲಿ ಮೂರು ಲೋಟ ಟೀ ಆಗುತ್ತದೆ. ಮೂರನೆಯದು ಯಾವಾಗಲೂ ಆರಿ ಹೋಗುತ್ತದೆ, ಅತ್ತಿಗೆ ಗಿಡಕ್ಕೆ ಚೆಲ್ಲುತ್ತಾರೆ.

ಮುಂದಿನ ತಿಂಗಳು ಅವರು ಮತ್ತೆ ಅಕ್ಕನ ಊರಿಗೆ ಹೊರಟರು. ಬಸ್ಸು ಹೊರಡುವುದನ್ನು ನಾನೇ ಕೂಗಿದೆ, ಎರಡು ಸಲ. ಅಣ್ಣ ಹಿಂದೆ ತಿರುಗಿ ನೋಡಲಿಲ್ಲ. ನೋಡಿದವನು ನಾನು. ಪ್ಲಾಟ್‌ಫಾರಮ್ಮಿನ ಕಂಬದ ಹತ್ತಿರ ಚೌಕಳಿ ಅಂಗಿ ನಿಂತಿತ್ತು. ನನಗೊಂದು ಸಲ ತಲೆಯಾಡಿಸಿ, ನಮ್ಮ ಬೀದಿಯ ಕಡೆ ಹೊರಟಿತು.

ಅದರ ಪಕ್ಕದಲ್ಲಿದ್ದ ಇನ್ನೊಬ್ಬ ಅಲ್ಲೇ ಉಳಿದ. ನೀಲಿ ಸ್ವೆಟರು, ಕುತ್ತಿಗೆಯ ಹತ್ತಿರ ದಾರ ಬಿಚ್ಚಿದೆ. ಅಂಥದೇ ನೀಲಿ ಸ್ವೆಟರು ನನ್ನ ಮೈಮೇಲೂ ಇತ್ತು, ದಾರವೂ ಬಿಚ್ಚಿತ್ತು. ಅವನು ನೇರ ನನ್ನ ಕಿಟಕಿಗೆ ಬಂದು, ಗಾಜಿನ ತೂತಿಗೆ ಬಾಯಿಟ್ಟ.

"ಮೈಕ್ ಆಫ್ ಮಾಡಿದ್ಯಾ?" ಅಂದ. "ಮೈಕ್ ಆಫ್ ಮಾಡಿದ್ಯಾ?"

ನನಗೆ ಚಿಂತೆ ಗಿಂತೆ ಇಲ್ಲ ಅಂತ ಮೊದಲೇ ಹೇಳಿದ್ದೇನೆ. ಆದರೂ ಮುಖ ನೋಡದೆ ತಲೆ ತಗ್ಗಿಸಿಕೊಂಡು, "ಈಗಲ್ಲ ಕಣಪ್ಪ, ಐದಕ್ಕೆ ಬಾ" ಅಂದೆ.

ಇಡೀ ನಿಲ್ದಾಣಕ್ಕೆ ಕೇಳಿಸಿತು.